ನಿಖಿಲ್ ಅಸೆಂಬ್ಲಿಗೆ ಸೋತಿದ್ದು ಎರಡು ಸಲ
ಜೆಡಿಎಸ್‌ನ ನಿಖಿಲ್ ಕುಮಾರಸ್ವಾಮಿ ಮೂರು ಸಲ ಎಂಎಲ್‌ಎ ಎಲೆಕ್ಷನ್ ಸೋತ್ರಾ ಅಂತ ಕೇಳಿದ್ರಲ್ಲ ಸರ್, ಇಲ್ಲ, ಎರಡು ಸಲ. 2019ರ ಮಂಡ್ಯದ್ದು ಲೋಕಸಭೆ, ಅಲ್ಲಿ ಸುಮಲತಾ ಗೆದ್ದಿದ್ದು. ಅಸೆಂಬ್ಲಿಗೆ ಮೊದಲು ನಿಂತಿದ್ದು 2023ರಲ್ಲಿ ರಾಮನಗರದಿಂದ, ತಾತ ದೇವೇಗೌಡ್ರು 1994ರಲ್ಲಿ ಗೆದ್ದು ಸಿಎಂ ಆದ ಕ್ಷೇತ್ರ, ಅಮ್ಮ ಅನಿತಾ ಬಿಟ್ಟುಕೊಟ್ಟ ಸೀಟು, ಅದೂ ಕಾಂಗ್ರೆಸ್ಸಿನ ಇಕ್ಬಾಲ್ ಹುಸೇನ್ ಪಾಲಾಯ್ತು, 10 ಸಾವಿರ ಚಿಲ್ಲರೆ ವೋಟಲ್ಲಿ. ಆಮೇಲೆ ಅಪ್ಪ ಕುಮಾರಣ್ಣ ಎಂಪಿ ಆಗಿ ಚನ್ನಪಟ್ಟಣ ಖಾಲಿ ಆಯ್ತು, 2024ರ ನವೆಂಬರ್ ಬೈಎಲೆಕ್ಷನ್, ಅಲ್ಲಿ ಕಾಂಗ್ರೆಸ್ಸಿನ ಯೋಗೇಶ್ವರ್ ಎದುರು ಸೋತ ಅಂತರ 25 ಸಾವಿರ ದಾಟ್ತು. ನನ್ನ ಪ್ರಕಾರ ಕೆಟ್ಟಿದ್ದು ಟಿಕೆಟ್ ವಿಷಯದಲ್ಲೇ. ಯೋಗೇಶ್ವರ್ ಜೆಡಿಎಸ್‌ನ ಮಿತ್ರಪಕ್ಷ ಬಿಜೆಪಿ ಬಿಟ್ಟು ಕಾಂಗ್ರೆಸ್‌ಗೆ ಹೋದ್ರು, ಕೆರೆ ತುಂಬಿಸಿದವ್ರು ಅಂತ ಆ ತಾಲೂಕಲ್ಲಿ ಅವರಿಗೆ ಸ್ವಂತ ಹೆಸರಿದೆ, ಕೊನೇ ಗಳಿಗೆಯಲ್ಲಿ ಟಿಕೆಟ್ ಸಿಕ್ಕ ನಿಖಿಲ್‌ಗೆ ಅದನ್ನ ಎದುರಿಸೋದು ನಿಜವಾಗ್ಲೂ ಕಷ್ಟ.