ಜಲಾಶಯದ ಮೀನಿಗೆ ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ನಾವು ತುಂಗಭದ್ರಾ ಹಿನ್ನೀರಿನಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುವವರು. ಸಮೀಕ್ಷೆಗೆ ಬಂದವರು ಹತ್ತಾರು ಕಡೆ ಬಲೆ ಬಿಟ್ಟು, ಮೀನು ಕಡಿಮೆಯಾಗುತ್ತಿದೆ, ಸಣ್ಣ ಕಣ್ಣಿನ ಬಲೆ ಬಳಸಬೇಡಿ ಎಂದರು. ಬೇಸಿಗೆಯಲ್ಲಿ ನಮ್ಮ ಬಲೆಗೆ ಮೀನು ಚೆನ್ನಾಗಿಯೇ ಬೀಳುತ್ತಿದೆ. ನೀರಿನೊಳಗಿನ ಮೀನನ್ನು ಎಣಿಸಲು ಸಾಧ್ಯವೇ? ಯಾರ ಲೆಕ್ಕವನ್ನು ನಂಬಬೇಕು?
– ಮುನಿರಾಬಾದ್ ಕಡೆಯ ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಬಲೆಗೆ ಮೀನು ಚೆನ್ನಾಗಿ ಬೀಳುತ್ತಿರುವುದೂ ನಿಜವಿರಬಹುದು, ಜಲಾಶಯದಲ್ಲಿ ಮೀನು ಕಡಿಮೆಯಾಗಿರುವುದೂ ನಿಜವಿರಬಹುದು. ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡಿಕೊಳ್ಳುವ ಈ ನೀರು, ಕಾಲುವೆಗಳಿಗೆ ಹರಿದು ಹರಿದು, ಏಪ್ರಿಲ್‌-ಮೇ ಹೊತ್ತಿಗೆ ಹಳೆಯ ನದಿಪಾತ್ರದ ಸುತ್ತಮುತ್ತ ಕುಗ್ಗಿ ನಿಲ್ಲುತ್ತದೆ. ವಿಶಾಲವಾಗಿ ಚದುರಿದ್ದ ಮೀನು ಆಗ ಸಣ್ಣ ಜಾಗದಲ್ಲಿ ಒತ್ತೊತ್ತಾಗಿ ಸೇರುವುದರಿಂದ, ಒಟ್ಟು ಮೀನು ಅರ್ಧಕ್ಕೆ ಇಳಿದಿದ್ದರೂ ಒಂದು ಬಲೆಗೆ ಸಿಗುವ ಪಾಲು ಏರಬಹುದು. ಮೀನು ಎಲ್ಲಿ ನಿಂತಿದೆ ಎಂದು ಬಲ್ಲವರು ಅಲ್ಲಿಗೇ ಹೋಗಿ ಬಲೆ ಬಿಡುತ್ತಾರೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ. ಅದು ನಿಮ್ಮ ಕಸುಬಿನ ಜಾಣ್ಮೆ. ಆದರೆ ಅದೇ ಕಾರಣಕ್ಕೆ ನಿಮ್ಮ ದಿನದ ಗಳಿಕೆ ಜಲಾಶಯದ ಒಟ್ಟು ಮೀನಿಗೆ ಅಳತೆಗೋಲಾಗದು.

ಕೆನಡಾದ ನ್ಯೂಫೌಂಡ್‌ಲೆಂಡ್ ಕರಾವಳಿಯ ಕಾಡ್ ಮೀನಿನ ವಿಷಯದಲ್ಲಿ ಈ ತಪ್ಪು ಲೆಕ್ಕಕ್ಕೆ ತೆತ್ತ ಬೆಲೆ ದೊಡ್ಡದು. ಮೀನು ಉಳಿದಿದ್ದ ಕಡೆ ಗುಂಪುಗೂಡುತ್ತಿತ್ತು, ದೋಣಿಗಳು ಅಲ್ಲಿಗೇ ಹೋಗುತ್ತಿದ್ದವು, ಹೀಗಾಗಿ ಮೀನುಗಾರಿಕೆಯ ಅಂಕಿಗಳಲ್ಲಿ ಇಳಿತ ಕಾಣಿಸಲೇ ಇಲ್ಲ. 1992ರಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು.

ಸಮೀಕ್ಷೆಯವರು ಮೀನು ಹೆಚ್ಚಿರುವ ಜಾಗವನ್ನು ಹುಡುಕುವುದಿಲ್ಲ, ಹುಡುಕಲೂ ಬಾರದು. ಜಲಾಶಯವನ್ನು ನದಿ ಬಂದು ಸೇರುವ ಮೇಲ್ಭಾಗ, ನಡುಭಾಗ, ಅಣೆಕಟ್ಟೆಯ ಹತ್ತಿರದ ಆಳದ ಭಾಗ ಎಂದು ವಿಂಗಡಿಸಿ, ಪ್ರತಿಯೊಂದರಲ್ಲೂ ಚೀಟಿ ಎತ್ತಿದಂತೆ ಜಾಗಗಳನ್ನು ಆರಿಸುತ್ತಾರೆ. ಅಲ್ಲಿ ಒಂದೇ ಉದ್ದದ ಬಲೆಯನ್ನು, ವರ್ಷದ ಒಂದೇ ಕಾಲದಲ್ಲಿ, ಸಂಜೆ ಬಿಟ್ಟು ಬೆಳಿಗ್ಗೆ ಎತ್ತುತ್ತಾರೆ. ಬಲೆಯ ಕಣ್ಣು ಒಂದೇ ಅಳತೆಯದಾದರೆ ಅದಕ್ಕೆ ತಕ್ಕ ಗಾತ್ರದ ಮೀನು ಮಾತ್ರ ಕಿವಿರು ಸಿಕ್ಕಿಸಿಕೊಳ್ಳುತ್ತದೆ, ಚಿಕ್ಕದು ನುಸುಳುತ್ತದೆ, ದೊಡ್ಡದು ಮೂತಿ ತಾಗಿಸಿ ಹಿಂದಿರುಗುತ್ತದೆ. ಅದಕ್ಕಾಗಿ ಸಮೀಕ್ಷೆಯ ಬಲೆಯಲ್ಲಿ ಬೇರೆ ಬೇರೆ ಕಣ್ಣಿನ ತುಂಡುಗಳನ್ನು ಜೋಡಿಸಿರುತ್ತಾರೆ. ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುವುದರಿಂದ ಬಲೆಯನ್ನು ಬೇರೆ ಬೇರೆ ಆಳಕ್ಕೂ ಇಳಿಸಬೇಕು. ಹೀಗೆ ಬಂದ ಅಂಕಿ ಒಟ್ಟು ಮೀನಿನ ಸಂಖ್ಯೆಯಲ್ಲ, ಒಂದು ಸೂಚ್ಯಂಕ ಮಾತ್ರ. ಹೋದ ವರ್ಷದ ಅಂಕಿಯ ಪಕ್ಕದಲ್ಲಿಟ್ಟಾಗಲೇ ಅದಕ್ಕೆ ಅರ್ಥ, ಮತ್ತು ಒಂದೇ ವರ್ಷದ ಸಮೀಕ್ಷೆಯಿಂದ ಮೀನು ಇಳಿಯುತ್ತಿದೆ ಎಂದು ಯಾರಾದರೂ ಹೇಳಿದರೆ, ಹಿಂದಿನ ವರ್ಷಗಳ ಅಂಕಿಗಳನ್ನು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ನಿಜವಾದ ಸಂಖ್ಯೆಯೇ ಬೇಕೆಂದರೆ ಊರ ಕೆರೆಯಲ್ಲಿ ಒಂದು ಉಪಾಯವಿದೆ. 200 ಮೀನುಗಳನ್ನು ಹಿಡಿದು, ರೆಕ್ಕೆಯ ತುದಿ ಕತ್ತರಿಸಿ ಗುರುತು ಮಾಡಿ ಬಿಡಿ. ಅವು ಉಳಿದವುಗಳ ಜೊತೆ ಬೆರೆತ ಮೇಲೆ ಮತ್ತೆ ಬಲೆ ಹಾಕಿದಾಗ 150 ಮೀನು ಬಂದು, ಅದರಲ್ಲಿ ಹತ್ತಕ್ಕೆ ಗುರುತಿದ್ದರೆ, ಹದಿನೈದಕ್ಕೆ ಒಂದು ಗುರುತಿನ ಮೀನು ಎಂದಾಯಿತು; ಹಾಗಾದರೆ ಕೆರೆಯಲ್ಲಿ ಸುಮಾರು 3,000 ಮೀನುಗಳಿವೆ. ಹತ್ತರ ಬದಲು ಐದೇ ಸಿಕ್ಕಿದ್ದರೆ ಉತ್ತರ 6,000ಕ್ಕೆ ಜಿಗಿಯುತ್ತಿತ್ತು ಎಂಬುದನ್ನು ಗಮನಿಸಿ: ಗುರುತಿನ ಮೀನು ಬೆರಳೆಣಿಕೆಯಷ್ಟು ಬಂದಾಗ ಈ ಲೆಕ್ಕ ಬಹಳ ಓಲಾಡುತ್ತದೆ. ಗುರುತು ಮಾಡಿದ ಮೀನು ಗಾಯದಿಂದ ಸತ್ತರೆ ಅಥವಾ ತುಂಡಾದ ರೆಕ್ಕೆ ಬೆಳೆದು ಗುರುತು ಮಾಸಿದರೆ, ಇರುವುದಕ್ಕಿಂತ ಹೆಚ್ಚು ಮೀನು ಇದೆಯೆಂದು ತೋರುತ್ತದೆ. ತುಂಗಭದ್ರೆಯಷ್ಟು ದೊಡ್ಡ ನೀರಿನಲ್ಲಿ ನಂಬಬಹುದಾದಷ್ಟು ಗುರುತಿನ ಮೀನು ಮರಳಿ ಸಿಗಬೇಕಾದರೆ ಎಷ್ಟು ಸಾವಿರಕ್ಕೆ ಗುರುತು ಮಾಡಬೇಕಾದೀತು! ಮೇಲಾಗಿ ನದಿಯ ಕಡೆಗೂ ಕಾಲುವೆಯ ಕಡೆಗೂ ಮೀನಿಗೆ ದಾರಿ ತೆರೆದಿರುತ್ತದೆ.

ದೊಡ್ಡ ನೀರಿಗೆ ಶಬ್ದದ ಯಂತ್ರ ಹೆಚ್ಚು ಹೊಂದುತ್ತದೆ. ದೋಣಿಯಿಂದ ಕೆಳಗೆ ಬಿಟ್ಟ ಶಬ್ದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಸಾಗಿ, ಮೀನಿನ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ಬಡಿದು ಮರಳುತ್ತದೆ. ಪ್ರತಿಧ್ವನಿಯ ಬಲದಿಂದ ಮೀನಿನ ಗಾತ್ರ ಮತ್ತು ದಟ್ಟಣೆಯನ್ನು ಅಂದಾಜಿಸುತ್ತಾರೆ. ಅದು ಕಾಟ್ಲಾವೋ ರೋಹುವೋ ಎಂದು ಯಂತ್ರ ಹೇಳದು, ತಳಕ್ಕೆ ಅಂಟಿಕೊಂಡಿರುವ ಮೀನೂ ದೋಣಿಯ ತಳಕ್ಕಿಂತ ಮೇಲಿನ ನೀರಿನ ಮೀನೂ ಅದರ ಲೆಕ್ಕಕ್ಕೆ ಬರುವುದಿಲ್ಲ. ಆದುದರಿಂದ ಯಂತ್ರದ ಜೊತೆಗೆ ಬಲೆ ಇದ್ದೇ ತೀರಬೇಕು. ಜಲಾಶಯದ ನಕ್ಷೆಯೂ ಹೊಸದಾಗಿರಬೇಕು: ಆರಂಭದಲ್ಲಿ 133 ಟಿಎಂಸಿ ಇದ್ದ ಸಂಗ್ರಹ ಸಾಮರ್ಥ್ಯ ಹೂಳು ತುಂಬಿ 105.788 ಟಿಎಂಸಿಗೆ ಇಳಿದಿದೆ, ಮೀನಿನ ದಟ್ಟಣೆಯನ್ನು ಹಳೆಯ ಆಳದ ಲೆಕ್ಕ ಹಿಡಿದು ಗುಣಿಸಿದರೆ ಇಲ್ಲದ ನೀರಿನಲ್ಲಿ ಮೀನು ಈಜಾಡಿದಂತಾಗುತ್ತದೆ.

ಸಣ್ಣ ಕಣ್ಣಿನ ಬಲೆಯ ಮಾತು ಸರಿಯಾದದ್ದೇ. ಒಮ್ಮೆಯೂ ಮೊಟ್ಟೆ ಇಡದ ಮೀನು ಅದರಲ್ಲಿ ಸಿಕ್ಕಿಬೀಳುತ್ತದೆ.

ನಿಮ್ಮ ಸಂಘದಲ್ಲಿ ಒಂದು ಪುಸ್ತಕ ಇಡಬಹುದು. ಎಷ್ಟು ಬಲೆ, ಎಷ್ಟು ಉದ್ದ, ಯಾವ ಕಣ್ಣು, ಎಷ್ಟು ಹೊತ್ತು, ಯಾವ ಜಾತಿ ಎಷ್ಟು ಕಿಲೋ, ಅಂದಿನ ನೀರಿನ ಮಟ್ಟ ಎಷ್ಟು ಅಡಿ ಎಂದು ಬರೆದಿಡಿ. ಬರಿಗೈಯಲ್ಲಿ ಮರಳಿದ ರಾತ್ರಿಯನ್ನು ಬಿಟ್ಟು ಬರೆದರೆ ಇಡೀ ಪುಸ್ತಕ ಕೆಲಸಕ್ಕೆ ಬಾರದು.

ಪ್ರಶ್ನೆ: ಮೀನಿನ ಪೊರೆ ನೋಡಿ ವಯಸ್ಸು ಹೇಳುತ್ತಾರಂತೆ. ಸಂಖ್ಯೆಯ ಲೆಕ್ಕಕ್ಕೆ ವಯಸ್ಸು ಏಕೆ ಬೇಕು?
– ಕಾಲೇಜು ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಒಂದು ವರ್ಷದ ಮೀನು ಎಷ್ಟು, ಎರಡು ವರ್ಷದ್ದು ಎಷ್ಟು, ಮೂರು ವರ್ಷದ್ದು ಎಷ್ಟು ಎಂದು ತಿಳಿದರೆ, ವರ್ಷವರ್ಷಕ್ಕೆ ಎಷ್ಟು ಪಾಲು ಸಾಯುತ್ತಿದೆ ಎಂದು ಅಂದಾಜಿಸಬಹುದು; ತಾನಾಗಿ ಸಾಯುವ ಪಾಲನ್ನು ಅದರಲ್ಲಿ ಕಳೆದರೆ ಬಲೆಗೆ ಹೋದ ಪಾಲು ಉಳಿಯುತ್ತದೆ. ಚಳಿಗಾಲದಲ್ಲಿ ಬೆಳವಣಿಗೆ ನಿಂತೇಹೋಗುವ ಶೀತದೇಶಗಳಲ್ಲಿ ಪೊರೆಯ ಮೇಲೆ ವರ್ಷಕ್ಕೊಂದರಂತೆ ಮೂಡುವ ಉಂಗುರಗಳು ಸ್ಪಷ್ಟವಾಗಿರುತ್ತವೆ. ನಮ್ಮ ಬೆಚ್ಚನೆಯ ನೀರಿನಲ್ಲಿ ಅವು ಅಷ್ಟು ನಂಬಿಕೆಗೆ ಅರ್ಹವಲ್ಲದ ಕಾರಣ, ಸಾವಿರಾರು ಮೀನುಗಳ ಉದ್ದ ಅಳೆದು, ಯಾವ ಉದ್ದದ ಸುತ್ತ ಗುಂಪು ಕಟ್ಟಿವೆ ಎಂದು ತಿಂಗಳು ತಿಂಗಳು ನೋಡಿ ವಯಸ್ಸನ್ನು ನಿರ್ಧರಿಸುವುದು ವಾಡಿಕೆ.