ಮಾಸ್ತರನ್ನ ಕೇಳಿ: ಮಳಖೇಡದ ಏರಿಳಿಯುವ ಸಂಖ್ಯೆ

ಪ್ರಶ್ನೆ: ಸರ್, ನನ್ನ ಮಗಳು ನೋಟ್‌ಬುಕ್ಕಿನ ಹಿಂದೆ 12345654321 ಅಂತ ಬರೆದುಕೊಂಡಿದ್ದಾಳೆ. 2ರಿಂದಲೂ ಹೋಗಲ್ಲ, 5ರಿಂದಲೂ ಹೋಗಲ್ಲ, ಹಾಗಾಗಿ ಇದು ಅವಿಭಾಜ್ಯ ಸಂಖ್ಯೆ ಅಂತ ಅವಳ ವಾದ. ಇಷ್ಟು ದೊಡ್ಡದನ್ನು ಪರೀಕ್ಷಿಸೋದು ಹೇಗೆ?
ಒಬ್ಬ ತಂದೆ, ಸೇಡಂ

ಉತ್ತರ: ಮೊದಲು ಅಂಕಿಗಳನ್ನು ಕೂಡಿಸಿ. 36 ಬರುತ್ತದೆ. ಅಂದ್ರೆ 9ರಿಂದ ಭಾಗ ಹೋಗಲೇಬೇಕು. ಮಗಳ ವಾದ ಅಲ್ಲಿಗೇ ಬಿತ್ತು. ಇನ್ನು ಒಂದು ಬಿಟ್ಟು ಒಂದು ಕೂಡಿಸಿ: 1, 3, 5, 5, 3, 1 ಸೇರಿ 18. ಉಳಿದ 2, 4, 6, 4, 2 ಸೇರಿದರೂ 18. ಎರಡೂ ಮೊತ್ತ ಒಂದೇ ಬಂದರೆ 11ರಿಂದಲೂ ಭಾಗ ಹೋಗುತ್ತದೆ. ಇದು ಸಂಯುಕ್ತ ಸಂಖ್ಯೆ, ಅದೂ ಭರ್ಜರಿ ಸಂಯುಕ್ತ.

ಸೇಡಂನವರೇ ಈ ಸಂಖ್ಯೆ ಕೇಳಿದ್ದು ನನಗೆ ಡಬಲ್ ಖುಷಿ. ನಿಮ್ಮ ತಾಲ್ಲೂಕಿನ ಮಳಖೇಡವೇ ಅಲ್ವಾ ರಾಷ್ಟ್ರಕೂಟರ ಮಾನ್ಯಖೇಟ? ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಒಂದು ಗುಣಾಕಾರ ಇದೆ: 27994681 × 441. ಉತ್ತರ ನಿಮ್ಮ ಮಗಳ ಸಂಖ್ಯೆಯೇ! ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಉತ್ತರಗಳನ್ನು ಆತ ಕೊರಳ ಹಾರ ಅಂತ ಕರೆದ. ನಾನು ಬೋರ್ಡ್ ಮೇಲೆ ಈ ಲೆಕ್ಕ ಮಾಡಿಸುವಾಗ, ಕೊನೆಯ ಸಾಲು ಕೂಡಿಸುವ ಹೊತ್ತಿಗೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಗುಟ್ಟು ಇರೋದು ವರ್ಗಮೂಲದಲ್ಲಿ. ಇದು 111111ರ ವರ್ಗ. ಆ 111111 ಅಂದರೆ 111 × 1001. ಯಾವುದೇ ಮೂರಂಕಿಯ ಸಂಖ್ಯೆಯನ್ನು 1001ರಿಂದ ಗುಣಿಸಿ ನೋಡಿ, ಅದೇ ಮೂರಂಕಿ ಎರಡು ಸಲ ಬರುತ್ತದೆ. ಈಗ 111 = 3 × 37. 1001 = 7 × 11 × 13. ಐದೂ ಚಿಕ್ಕ ಅವಿಭಾಜ್ಯಗಳು, ವರ್ಗದಲ್ಲಿ ಪ್ರತಿಯೊಂದೂ ಎರಡೆರಡು ಸಲ. ಒಂದೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಇಲ್ಲಾ ಎರಡು ಸಲ. ಹೀಗೆ 3 × 3 × 3 × 3 × 3, ಒಟ್ಟು 243 ಅಪವರ್ತನಗಳು. ಬೆಸ ಸಂಖ್ಯೆ ಬಂದಿದ್ದು ನೋಡಿ. ಪೂರ್ಣವರ್ಗಕ್ಕೆ ಮಾತ್ರ ಹೀಗಾಗುತ್ತದೆ. 441 ಕೂಡ 21ರ ವರ್ಗ, ಅಂದರೆ 3 ಮತ್ತು 7ರ ಪಾಲು. 11, 13, 37 ಇನ್ನೊಂದು ಕಡೆ ಕೂತಿವೆ.

ಮಹಾವೀರ ಆರು ಒಂದುಗಳನ್ನು ಆರಿಸಿದ್ದು ಸುಮ್ನೆ ಅಲ್ಲ ಅಂತ ನನ್ನ ಅನಿಸಿಕೆ. ಐದು ಒಂದುಗಳ 11111 ಬರೀ 41 × 271. ಏಳು ಒಂದುಗಳದ್ದು 239 × 4649. ಇವೆರಡರ ವರ್ಗಗಳೂ ಹಾರದಂತೆಯೇ ಏರಿ ಇಳಿಯುತ್ತವೆ, ಆದರೆ ಅಪವರ್ತನಗಳು ತಲಾ ಒಂಬತ್ತೇ. ಲೆಕ್ಕ ಕಟ್ಟುವವನಿಗೆ ಆರರಲ್ಲಿ ಇರುವಷ್ಟು ಆಯ್ಕೆ ಅಕ್ಕಪಕ್ಕದಲ್ಲಿಲ್ಲ. ಮಗಳಿಗೆ ಹೇಳಿ, ಒಂಬತ್ತು ಒಂದುಗಳವರೆಗೆ ಈ ಏರಿಳಿತ ನಡೆಯುತ್ತದೆ. ಹತ್ತು ಒಂದುಗಳನ್ನು ವರ್ಗ ಮಾಡಿದರೆ 1234567900987654321. ದಶಕ ಮುಂದಿನ ಮನೆಗೆ ಹೋಗಿ ಹಾರ ಕಿತ್ತುಹೋಗುತ್ತದೆ.

ಪ್ರಶ್ನೆ: ಕಲಬುರಗಿಯ ಪಿನ್ ಕೋಡ್ 585101 ಅವಿಭಾಜ್ಯವೇ?
ಒಬ್ಬ ವಿದ್ಯಾರ್ಥಿ, ಸೂಪರ್ ಮಾರ್ಕೆಟ್, ಕಲಬುರಗಿ

ಉತ್ತರ: ಅಲ್ಲ. ಮೇಲಿನ ಉಪಾಯವನ್ನೇ ಹಾಕಿ: 5, 5, 0 ಸೇರಿ 10. 8, 1, 1 ಸೇರಿ 10. ಹಾಗಾಗಿ 11ರಿಂದ ಹೋಗುತ್ತದೆ, ಉಳಿಯೋದು 53191. ಅಲ್ಲಿಂದ ಮುಂದೆ ಬೆವರು. 13, 17, 19, 23 ಯಾವುದೂ ಬಗ್ಗಲ್ಲ. 43ಕ್ಕೆ ಬಂದಾಗ 1237 ಸಿಗುತ್ತದೆ. ಸೇಡಂನವರ ಹನ್ನೊಂದು ಅಂಕಿಗಿಂತ ಈ ಆರಂಕಿಗೇ ಕೆಲಸ ಜಾಸ್ತಿ, ಯಾಕಂದ್ರೆ ಇದರ ಒಂದು ತುಂಡು ದೊಡ್ಡದು. 1237 ಅವಿಭಾಜ್ಯ ಅಂತ ಖಾತ್ರಿ ಮಾಡಿಕೊಳ್ಳಲು 31ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ಮುಂದಿನದು 37, ಅದರ ವರ್ಗ 1369 ಆಗಲೇ ದಾಟಿಹೋಯಿತು.