ಶೋಲೆಯ ಠಾಕೂರನಿಗೆ ಆಗ ವಯಸ್ಸೆಷ್ಟು?

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ‘ಶೋಲೆ’ ಬಗ್ಗೆ ಬರೆಯುವಾಗ ನಾನು ಸಂಜೀವ್ ಕುಮಾರ್ ಅವರನ್ನು ಉಳಿದ ಎಲ್ಲರಿಗಿಂತ ಮೇಲೆ ಇಟ್ಟಿದ್ದೆ. ನಿಮಗೆ ಅದು ಹಿಡಿಸಲಿಲ್ಲ. ಪತ್ರದಲ್ಲಿ ನೀವು ಕೇಳಿದ್ದು ಹೀಗಿದೆ: “ಅಮಿತಾಭ್, ಧರ್ಮೇಂದ್ರ, ಅಮ್ಜದ್ ಖಾನ್ ಇರುವ ಸಿನಿಮಾದಲ್ಲಿ ಆ ಅರವತ್ತು ವರ್ಷದ ನಟನೇ ದೊಡ್ಡವರು ಅಂತೀರಲ್ಲ, ಯಾಕೆ? ಹೀರೋ ಆಗೋಕೆ ಆಗದವರು ಮುದುಕನ ಪಾತ್ರ ಮಾಡ್ತಾರೆ, ಅಷ್ಟೇ ಅಲ್ವಾ? ಅವರ ಬದುಕಿನ ಬಗ್ಗೆಯೂ ಸ್ವಲ್ಪ ಹೇಳಿ. ಮದುವೆ ಯಾಕೆ ಆಗಲಿಲ್ಲ?”

ಮೊದಲು ವಯಸ್ಸಿನ ಲೆಕ್ಕ ಮುಗಿಸೋಣ. ‘ಶೋಲೆ’ ಚಿತ್ರೀಕರಣ ನಮ್ಮ ರಾಮನಗರದ ಬಂಡೆಗಳ ನಡುವೆ ಶುರುವಾಗಿದ್ದು 1973ರ ಅಕ್ಟೋಬರ್‌ನಲ್ಲಿ. ಸಂಜೀವ್ ಕುಮಾರ್ ಹುಟ್ಟಿದ್ದು 1938ರ ಜುಲೈ 9ರಂದು. ಅಂದರೆ ಠಾಕೂರ್ ಬಲದೇವ್ ಸಿಂಗ್ ಆಗಿ ಕ್ಯಾಮೆರಾ ಮುಂದೆ ನಿಂತಾಗ ಅವರಿಗೆ 35 ವರ್ಷ. ವೀರು ಆಗಿದ್ದ ಧರ್ಮೇಂದ್ರ ಹುಟ್ಟಿದ್ದು 1935ರಲ್ಲಿ. ಕುದುರೆ ಗಾಡಿ ಹಿಂದೆ ಓಡುವ ತುಂಟ ಹುಡುಗ ವೀರು, ನರೆಗೂದಲಿನ ಠಾಕೂರನಿಗಿಂತ ಎರಡೂವರೆ ವರ್ಷ ದೊಡ್ಡವನು!

ನಿಮಗೆ ಅರವತ್ತು ಅನ್ನಿಸಿತಲ್ಲ, ಅದು ನಿಮ್ಮ ತಪ್ಪಲ್ಲ. ಕೂದಲಿಗೆ ಬಿಳಿ ಬಣ್ಣ ಬಳಿದ ಮಾತ್ರಕ್ಕೆ ಯಾರೂ ಮುದುಕರ ಹಾಗೆ ಕಾಣೋದಿಲ್ಲ. ಕತ್ತು ತಿರುಗಿಸುವ ವೇಗ, ಕುಳಿತಲ್ಲಿಂದ ಏಳುವ ರೀತಿ, ಮಾತಿಗೆ ಮೊದಲು ಬಿಡುವ ಉಸಿರು, ಇವೆಲ್ಲ ಬದಲಾಗಬೇಕು. ಅವರು ಅದನ್ನೆಲ್ಲ ಬದಲಾಯಿಸಿಕೊಂಡರು. ನೀವು ನಂಬಿದಿರಿ.

ಅವರ ನಿಜವಾದ ಹೆಸರು ಹರಿಹರ್ ಜೇಠಾಲಾಲ್ ಜರಿವಾಲಾ. ಊರು ಗುಜರಾತಿನ ಸೂರತ್. ಜರಿ ಕೆಲಸಕ್ಕೆ ಹೆಸರಾದ ಊರದು, ಮನೆತನದ ಹೆಸರಲ್ಲೇ ಅದು ಕಾಣುತ್ತದೆ. ಚಿಕ್ಕವರಿದ್ದಾಗಲೇ ಕುಟುಂಬ ಮುಂಬೈಗೆ ಬಂತು. ಸ್ನೇಹಿತರಿಗೆಲ್ಲ ಅವರು ಕೊನೆಯವರೆಗೂ ‘ಹರಿಭಾಯಿ’. ನಟನೆ ಕಲಿತದ್ದು ನಾಟಕದಲ್ಲಿ. ಇಪ್ಟಾ ತಂಡದಲ್ಲಿ ಪಳಗಿದವರು ಅವರು. ಅಲ್ಲಿ ಇಪ್ಪತ್ತರ ಆಸುಪಾಸಿನಲ್ಲೇ ಅವರಿಗೆ ಮುದುಕರ ಪಾತ್ರ ಸಿಗುತ್ತಿತ್ತು. ‘ಶೋಲೆ’ಯ ರಹೀಮ್ ಚಾಚಾ ನೆನಪಿದ್ದಾರಲ್ಲ, ಎ.ಕೆ. ಹಂಗಲ್? ಅವರ ನಿರ್ದೇಶನದಲ್ಲೂ ಈ ಹುಡುಗ ಮುದುಕನಾಗಿ ರಂಗಕ್ಕೆ ಬಂದಿದ್ದ. ಹಾಗಾಗಿ ಅವಕಾಶ ತಪ್ಪಿಹೋದ ಮೇಲೆ ಮುದುಕನ ವೇಷ ಹಾಕಿದರು ಅನ್ನೋದು ಸರಿಯಲ್ಲ. ಅವರು ಶುರು ಮಾಡಿದ್ದೇ ಅಲ್ಲಿಂದ.

ಸಿನಿಮಾಕ್ಕೆ ಬಂದದ್ದು 1960ರ ‘ಹಮ್ ಹಿಂದೂಸ್ತಾನಿ’ಯ ಒಂದು ಚಿಕ್ಕ ಪಾತ್ರದಿಂದ. 1965ರ ‘ನಿಶಾನ್’ನಲ್ಲಿ ನಾಯಕರಾದರು. ಆಮೇಲೆ ಕೆಲವು ವರ್ಷ ಕತ್ತಿ ಕುದುರೆಗಳ ಅಗ್ಗದ ಸಿನಿಮಾಗಳು. ಆ ಕಾಲದ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. 1968ರಲ್ಲಿ ‘ಸಂಘರ್ಷ್’ ಬಂತು. ಅದರಲ್ಲಿ ಎದುರಿಗಿದ್ದವರು ದಿಲೀಪ್ ಕುಮಾರ್. ಅವರ ಮುಂದೆ ಈ ಹೊಸಬ ಮಂಕಾಗಲಿಲ್ಲ. ಅದೇ ವರ್ಷದ ‘ಶಿಕಾರ್’ಗೆ ಪೋಷಕ ನಟ ಫಿಲಂಫೇರ್ ಪ್ರಶಸ್ತಿಯೂ ಬಂತು.

1970ರಿಂದ ಮುಂದಿನದು ಬೇರೆಯೇ ಕಥೆ. ಆ ವರ್ಷ ‘ಖಿಲೋನಾ’ದಲ್ಲಿ ಬುದ್ಧಿ ಸ್ಥಿಮಿತ ಕಳೆದುಕೊಂಡ ಯುವಕನಾದರು. ಚಿತ್ರ ಚೆನ್ನಾಗಿ ಓಡಿತು. ಅದೇ ವರ್ಷ ರಾಜಿಂದರ್ ಸಿಂಗ್ ಬೇಡಿ ಅವರ ‘ದಸ್ತಕ್’ ಕೂಡ ಬಂತು. ಹೊಸದಾಗಿ ಮದುವೆಯಾದ ಜೋಡಿ ಮುಂಬೈನಲ್ಲಿ ಬಾಡಿಗೆಗೆ ಮನೆ ಹಿಡಿಯುತ್ತಾರೆ. ಹಿಂದೆ ಅಲ್ಲಿ ಇದ್ದವಳು ಒಬ್ಬ ವೇಶ್ಯೆ ಅಂತ ಅವರಿಗೆ ಗೊತ್ತಿಲ್ಲ. ರಾತ್ರಿಯಾದರೆ ಯಾರಾದರೂ ಬಾಗಿಲು ಬಡಿಯುತ್ತಾರೆ. ಮನೆ ಬದಲಾಯಿಸೋಕೆ ಗಂಡನ ಹತ್ತಿರ ದುಡ್ಡಿಲ್ಲ. ಹೆಂಡತಿಗೆ ಸಮಾಧಾನ ಹೇಳೋಕೆ ಮಾತೂ ಇಲ್ಲ. ಕೈಲಾಗದ ಒಬ್ಬ ಮನುಷ್ಯನ ನಾಚಿಕೆಯನ್ನು ಅವರು ಅದರಲ್ಲಿ ತೋರಿಸಿದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅವರಿಗೂ, ಹೆಂಡತಿಯಾಗಿದ್ದ ರೆಹಾನಾ ಸುಲ್ತಾನ್‌ಗೂ ರಾಷ್ಟ್ರಪ್ರಶಸ್ತಿ ಬಂತು.

ಈಗ ‘ಕೋಶಿಶ್’ಗೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಉದ್ದ ಬರೆದರೆ ಬೇಜಾರು ಮಾಡ್ಕೋಬೇಡಿ.

ನಾನು ಅದನ್ನು ನೋಡಿದ್ದು ದೂರದರ್ಶನದಲ್ಲಿ, ಒಂದು ಭಾನುವಾರ ಸಂಜೆ. ಮನೆಯಲ್ಲಿ ಅಜ್ಜಿಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಭಾನುವಾರದ ಸಿನಿಮಾ ಅಂದರೆ ಪಕ್ಕದಲ್ಲಿ ಅಕ್ಕ ಕೂತು ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಾ ಇರಬೇಕು. ಅವತ್ತೂ ಶುರು ಮಾಡಿದಳು. ಹತ್ತು ನಿಮಿಷ ಆಗಿರಬಹುದು. ಅಜ್ಜಿ ಪರದೆಯಿಂದ ಕಣ್ಣು ತೆಗೆಯದೆ, “ಸುಮ್ನಿರೇ, ನನಗೆ ಅರ್ಥ ಆಗ್ತಿದೆ” ಅಂದರು. ಆಮೇಲೆ ಮುಗಿಯುವವರೆಗೂ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

1972ರ ಚಿತ್ರ ಅದು, ಗುಲ್ಜಾರ್ ನಿರ್ದೇಶನದ್ದು. ಗಂಡ ಹೆಂಡತಿ ಇಬ್ಬರಿಗೂ ಕಿವಿ ಕೇಳಿಸೋದಿಲ್ಲ, ಮಾತು ಬರೋದಿಲ್ಲ. ಹೆಂಡತಿ ಜಯಾ ಭಾದುರಿ. ಹಿಂದಿ ಸಿನಿಮಾದಲ್ಲಿ ಹೀರೋನ ದೊಡ್ಡ ಆಸ್ತಿ ಅಂದರೆ ಸಂಭಾಷಣೆ. ಜನ ಶಿಳ್ಳೆ ಹೊಡೆಯೋದು ಅದಕ್ಕೇ. ಅದನ್ನೇ ಪೂರ್ತಿ ಬಿಟ್ಟು ನಟಿಸಿ ಅಂದರೆ ಎಷ್ಟು ನಟರು ಒಪ್ಪಿಯಾರು? ಸಂಜೀವ್ ಒಪ್ಪಿದರು. ಅದರಲ್ಲಿ ಓಂ ಶಿವಪುರಿ ಮಾಡಿರುವ ಕುರುಡ ಗೆಳೆಯನ ಪಾತ್ರ ಇದೆ. ಒಬ್ಬನಿಗೆ ಕಾಣೋದಿಲ್ಲ, ಇನ್ನೊಬ್ಬನಿಗೆ ಕೇಳೋದಿಲ್ಲ. ಇಬ್ಬರೂ ಮುಟ್ಟಿ ಮುಟ್ಟಿಯೇ ಮಾತಾಡಬೇಕು. ಆ ಸ್ನೇಹವನ್ನು ನೋಡಿ. ಕೊನೆಯಲ್ಲಿ, ದೊಡ್ಡವನಾದ ಮಗ ಕಿವಿ ಕೇಳದ ಹುಡುಗಿಯನ್ನು ಮದುವೆಯಾಗೋಲ್ಲ ಅನ್ನುತ್ತಾನೆ. ಅಪ್ಪ ಅಮ್ಮ ಇಬ್ಬರೂ ಹಾಗೇ ಇದ್ದು ತನ್ನನ್ನು ಬೆಳೆಸಿದ್ದನ್ನು ಅವನು ಮರೆತಿದ್ದಾನೆ. ಆಗ ಅಪ್ಪನಿಗೆ ಬರುವ ಸಿಟ್ಟು ಇದೆಯಲ್ಲ, ಅದರಲ್ಲಿ ಒಂದೂ ಮಾತಿಲ್ಲ. ಮೈಯೆಲ್ಲ ನಡುಗುತ್ತದೆ. ನೋಡಿದವರಿಗೆ ಅದು ಬೈಗುಳಕ್ಕಿಂತ ಜೋರಾಗಿ ಕೇಳಿಸುತ್ತದೆ. ಈ ಪಾತ್ರಕ್ಕೆ ಎರಡನೇ ರಾಷ್ಟ್ರಪ್ರಶಸ್ತಿ ಬಂತು.

ನಾನು ಅವರನ್ನು ಯಾಕೆ ಅಷ್ಟು ಮೇಲೆ ಇಡುತ್ತೇನೆ ಅನ್ನೋದು ಇಲ್ಲೇ ಇದೆ. ಬೇರೆ ನಟರು ಪಾತ್ರಕ್ಕೆ ಏನು ಸೇರಿಸೋಣ ಅಂತ ನೋಡುತ್ತಿದ್ದಾಗ, ಅವರು ತಮ್ಮ ಹತ್ತಿರ ಇದ್ದದ್ದನ್ನೇ ಬಿಟ್ಟುಕೊಟ್ಟರು. ‘ಕೋಶಿಶ್’ನಲ್ಲಿ ಮಾತು ಬಿಟ್ಟರು. ‘ಶೋಲೆ’ಯಲ್ಲಿ ಕೈ ಬಿಟ್ಟರು. ಎಷ್ಟೋ ಸಿನಿಮಾಗಳಲ್ಲಿ ತಮ್ಮ ಯೌವನವನ್ನೇ ಬಿಟ್ಟರು.

‘ಶೋಲೆ’ಯ ಕೈ ವಿಷಯ ಹೇಳಲೇಬೇಕು. ಠಾಕೂರನ ಎರಡೂ ಕೈ ಕತ್ತರಿಸಿಹೋಗಿವೆ ಅನ್ನೋದು ನಮಗೆ ಗೊತ್ತಾಗೋದು ಅರ್ಧ ಸಿನಿಮಾ ಆದ ಮೇಲೆ. ಹೋಳಿ ಹಬ್ಬದ ದಿನ ಗಬ್ಬರ್ ದಾಳಿ ಮಾಡಿದಾಗ ಕಾಲ ಹತ್ತಿರವೇ ಬಂದೂಕು ಬಿದ್ದಿದ್ದರೂ ಠಾಕೂರ್ ಎತ್ತಿಕೊಡೋದಿಲ್ಲ. ಜೈ, ವೀರು ಸಿಟ್ಟಾಗುತ್ತಾರೆ. ನೋಡುವವರಿಗೂ ಸಿಟ್ಟು ಬರುತ್ತದೆ. ಆಮೇಲೆ ಹಳೇ ಕಥೆ ತೆರೆದುಕೊಳ್ಳುತ್ತದೆ, ಶಾಲು ಜಾರುತ್ತದೆ. ಅಂದರೆ ಅದಕ್ಕಿಂತ ಹಿಂದಿನ ಅಷ್ಟೂ ದೃಶ್ಯಗಳಲ್ಲಿ ಈ ನಟ ಕೈ ಇಲ್ಲದೆ ನಟಿಸಿದ್ದಾರೆ, ಆದರೆ ನಮಗೆ ಅದು ಗೊತ್ತಾಗಬಾರದು! ಕೈ ಇಲ್ಲ ಅಂತ ತೋರಿಸೋದು ಒಂದು ಕಷ್ಟ. ಕೈ ಇಲ್ಲದಿರೋದನ್ನು ಮುಚ್ಚಿಟ್ಟುಕೊಂಡು, ಅದನ್ನು ಗತ್ತು ಅಂತ ನಾವು ತಿಳಿಯುವ ಹಾಗೆ ನಿಲ್ಲೋದು ಅದಕ್ಕಿಂತ ದೊಡ್ಡ ಕಷ್ಟ. ನಾವು ‘ಜಮೀನ್ದಾರ ಅಲ್ವಾ, ಅದಕ್ಕೇ ಹೀಗೆ ಬಿಗಿಯಾಗಿ ನಿಂತಿದ್ದಾನೆ’ ಅಂದುಕೊಳ್ಳುತ್ತೇವೆ. ಎರಡನೇ ಸಲ ನೋಡಿದಾಗ ಅದೇ ನಿಲುವು ಬೇರೆ ಅರ್ಥ ಕೊಡುತ್ತದೆ. ಆಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅದೇ ಚಿತ್ರದ ಹಳೇ ಕಥೆಯಲ್ಲಿ, ಕಪ್ಪು ಕೂದಲಿನ ಪೊಲೀಸ್ ಅಧಿಕಾರಿಯಾಗಿ, ಅದೇ ಮನುಷ್ಯ ಗಬ್ಬರ್‌ನ ಕುತ್ತಿಗೆಗೆ ಎರಡೂ ಕೈ ಬಿಗಿದು ಹಿಡಿಯುತ್ತಾರೆ. ಒಂದೇ ಸಿನಿಮಾದಲ್ಲಿ ಎರಡು ಮೈಗಳು. ಆದರೂ ಒಬ್ಬನೇ ಮನುಷ್ಯ.

ಯೌವನ ಬಿಟ್ಟುಕೊಟ್ಟರು ಅಂದೆನಲ್ಲ, ಅದಕ್ಕೆ ಜಯಾ ಭಾದುರಿ ಅವರ ಜೊತೆಗಿನ ಸಿನಿಮಾಗಳನ್ನೇ ನೋಡಿ. 1972ರಲ್ಲಿ ‘ಪರಿಚಯ್’ನಲ್ಲಿ ಅವರು ಜಯಾಗೆ ಅಪ್ಪ. ಅದೇ ವರ್ಷ ‘ಕೋಶಿಶ್’ನಲ್ಲಿ ಗಂಡ. ಮರುವರ್ಷ ‘ಅನಾಮಿಕಾ’ದಲ್ಲಿ ಪ್ರೇಮಿ. 1975ರಲ್ಲಿ ‘ಶೋಲೆ’ಯಲ್ಲಿ ಮಾವ. ಇಬ್ಬರ ನಡುವೆ ಇದ್ದ ವಯಸ್ಸಿನ ಅಂತರ ಬರೀ ಹತ್ತು ವರ್ಷ. ಅಪ್ಪನ ಪಾತ್ರ ಮಾಡಿದ ಮೇಲೆ ಪ್ರೇಮಿಯಾಗಿ ಜನ ಒಪ್ಪುತ್ತಾರೋ ಇಲ್ಲವೋ ಅನ್ನುವ ಭಯ ಯಾವ ನಟನಿಗಾದರೂ ಇರುತ್ತದೆ. ಜನ ಒಪ್ಪಿದರು.

1978ರ ‘ತ್ರಿಶೂಲ್’ ಅಂತೂ ಇನ್ನೂ ಮುಂದೆ ಹೋಯಿತು. ಅದರಲ್ಲಿ ಅವರು ಅಮಿತಾಭ್ ಬಚ್ಚನ್ ಮತ್ತು ಶಶಿ ಕಪೂರ್ ಇಬ್ಬರಿಗೂ ಅಪ್ಪ. ಅಮಿತಾಭ್ ಅವರಿಗಿಂತ ನಾಲ್ಕು ವರ್ಷ ಚಿಕ್ಕವರು. ಶಶಿ ಕಪೂರ್ ಹುಟ್ಟಿದ್ದು 1938ರ ಮಾರ್ಚ್‌ನಲ್ಲಿ, ಅಂದರೆ ಮಗನೇ ಅಪ್ಪನಿಗಿಂತ ಕೆಲವು ತಿಂಗಳು ದೊಡ್ಡವನು. ಸಿನಿಮಾ ನೋಡುವಾಗ ಒಮ್ಮೆಯೂ ನನಗೆ ಅದು ಹೊಳೆದಿರಲಿಲ್ಲ.

ಗುಲ್ಜಾರ್ ಜೊತೆ ಮಾಡಿದ ಇನ್ನೆರಡು ಸಿನಿಮಾಗಳು 1975ರಲ್ಲಿ ಬಂದವು. ‘ಆಂಧಿ’ಯಲ್ಲಿ ಅವರು ಹೋಟೆಲ್ ಮ್ಯಾನೇಜರ್. ದೂರವಾದ ಹೆಂಡತಿ ರಾಜಕಾರಣಿಯಾಗಿ ಚುನಾವಣೆ ಪ್ರಚಾರಕ್ಕೆ ಅದೇ ಹೋಟೆಲಿಗೆ ಬಂದಿಳಿಯುತ್ತಾಳೆ. ಆ ಪಾತ್ರ ಸುಚಿತ್ರಾ ಸೇನ್ ಅವರದು. ತುರ್ತು ಪರಿಸ್ಥಿತಿಯಲ್ಲಿ ಚಿತ್ರಕ್ಕೆ ನಿಷೇಧ ಬಿತ್ತು. 1977ರಲ್ಲಿ ಸರ್ಕಾರ ಬದಲಾದ ಮೇಲೆ ಮತ್ತೆ ತೆರೆಗೆ ಬಂತು. ಎಲ್ಲರೂ ಆ ರಾಜಕೀಯದ ಬಗ್ಗೆಯೇ ಮಾತಾಡುತ್ತಾರೆ. ನನಗೆ ಮಾತ್ರ ನೆನಪಿರೋದು ದೂರು ಹೇಳದೆ ನಿಂತ ಆ ಗಂಡ. ‘ಮೌಸಮ್’ನಲ್ಲಿ ಇಪ್ಪತ್ತೈದು ವರ್ಷದ ಮೇಲೆ ಡಾರ್ಜಿಲಿಂಗ್‌ಗೆ ವಾಪಸ್ ಬರುವ ಡಾಕ್ಟರ್ ಅವರು. ಕೈಬಿಟ್ಟ ಹುಡುಗಿಯನ್ನು ಹುಡುಕುತ್ತಾ ಹೋದರೆ ಸಿಗೋದು ಅವಳ ಮಗಳು, ಅದೂ ವೇಶ್ಯಾಗೃಹದಲ್ಲಿ. ‘ಆಂಧಿ’ಗೆ, ಮತ್ತೆ ಮರುವರ್ಷ ‘ಅರ್ಜುನ್ ಪಂಡಿತ್’ಗೆ, ಸಾಲಾಗಿ ಎರಡು ಸಲ ಅವರು ಫಿಲಂಫೇರ್‌ನ ಉತ್ತಮ ನಟ. ಆಗ ನಾಯಕ ನಟರ ಪಟ್ಟಿಯಲ್ಲಿ ಎಂಥೆಂಥವರಿದ್ದರು ಅಂತ ನಿಮಗೆ ಗೊತ್ತು. ಅವರ ನಡುವೆ ಗೆದ್ದವರನ್ನು ಹೀರೋ ಆಗೋಕೆ ಆಗದವರು ಅನ್ನೋದು ಹೇಗೆ?

ಬರೀ ದುಃಖದ ಪಾತ್ರಗಳೇ ಅಂದುಕೊಳ್ಳಬೇಡಿ. ‘ನಯಾ ದಿನ್ ನಯೀ ರಾತ್’ನಲ್ಲಿ ಒಬ್ಬರೇ ಒಂಬತ್ತು ಪಾತ್ರ ಮಾಡಿದರು. ತಮಿಳಿನಲ್ಲಿ ಶಿವಾಜಿ ಗಣೇಶನ್ ಮಾಡಿದ್ದ ‘ನವರಾತ್ರಿ’ಯ ಹಿಂದಿ ರೂಪ ಅದು. ನಿಜ ಹೇಳಬೇಕೆಂದರೆ ನನಗೆ ಆ ಒಂಬತ್ತಕ್ಕಿಂತ 1982ರ ‘ಅಂಗೂರ್’ನ ಎರಡೇ ಇಷ್ಟ. ಷೇಕ್ಸ್‌ಪಿಯರ್ ನಾಟಕದ ಕಥೆ. ಅವಳಿ ಯಜಮಾನರು, ಅವಳಿ ಆಳುಗಳು. ಎರಡೂ ಪಾತ್ರಗಳಿಗೆ ಒಂದೇ ಮೀಸೆ, ಒಂದೇ ಮುಖ. ಆದರೂ ತೆರೆ ಮೇಲೆ ಇರೋದು ಯಾರು ಅಂತ ನಮಗೆ ತಕ್ಷಣ ಗೊತ್ತಾಗುತ್ತದೆ. ಸತ್ಯಜಿತ್ ರಾಯ್ ತಮ್ಮ ‘ಶತರಂಜ್ ಕೇ ಖಿಲಾಡಿ’ಗೆ ಇವರನ್ನು ಕರೆದರು. 1856ರ ಲಖನೌ, ಕಂಪನಿ ಸರ್ಕಾರ ರಾಜ್ಯ ನುಂಗಲು ಬಂದಿದೆ. ಇವರು ಮಾಡಿದ ಮಿರ್ಜಾನಿಗೆ ಚದುರಂಗದ ಮಣೆ ಬಿಟ್ಟು ಬೇರೇನೂ ಬೇಡ. ಸಯೀದ್ ಜಾಫ್ರಿ ಮತ್ತು ಸಂಜೀವ್ ಆ ಮಣೆಯ ಎರಡು ಕಡೆ ಕೂತಿರೋದನ್ನು ನೋಡುವುದೇ ಒಂದು ಸುಖ.

ಮದುವೆ ಯಾಕೆ ಆಗಲಿಲ್ಲ ಅಂತ ಕೇಳಿದ್ದೀರಿ. ಆಗಲಿಲ್ಲ, ಅಷ್ಟು ನಿಜ. ಅವರ ಹೆಸರಿನ ಜೊತೆ ಯಾರ್ಯಾರದೋ ಹೆಸರು ಸೇರಿಸಿ ಆಗಿನ ಪತ್ರಿಕೆಗಳು ಬೇಕಾದಷ್ಟು ಬರೆದವು. ಅದನ್ನು ನಮ್ಮ ಪತ್ರಿಕೆಯಲ್ಲಿ ಮತ್ತೆ ಹಾಕೋಕೆ ನನಗೆ ಮನಸ್ಸಿಲ್ಲ. ಉತ್ತರ ಹೇಳಬೇಕಾದವರು ಈಗ ಇಲ್ಲ.

ಅವರ ಹೃದಯ ದುರ್ಬಲವಾಗಿತ್ತು. ಅಮೆರಿಕದಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಯೂ ಆಯಿತು. ತಮ್ಮ ಮನೆತನದ ಗಂಡಸರು ಐವತ್ತು ದಾಟೋದಿಲ್ಲ ಅನ್ನುವ ಭಯ ಅವರಿಗಿತ್ತು ಅಂತ ಹತ್ತಿರದವರು ಹೇಳುತ್ತಿದ್ದರು. 1985ರ ನವೆಂಬರ್ 6ರಂದು ಮುಂಬೈನಲ್ಲಿ ತೀರಿಕೊಂಡರು. ವಯಸ್ಸು 47. ಮುಗಿಸದೆ ಬಿಟ್ಟ ಕೆಲಸ ಎಷ್ಟಿತ್ತೆಂದರೆ ಅವರ ಸಿನಿಮಾಗಳು ಆಮೇಲೂ ವರ್ಷಗಟ್ಟಲೆ ಬರುತ್ತಲೇ ಇದ್ದವು. ‘ಪ್ರೊಫೆಸರ್ ಕೀ ಪಡೋಸನ್’ ತೆರೆ ಕಂಡದ್ದು 1993ರಲ್ಲಿ. ಸೂರತ್‌ನಲ್ಲಿ ಈಗ ಅವರ ಹೆಸರಿನ ಒಂದು ರಂಗಮಂದಿರ ಇದೆ. ನಾಟಕದಿಂದ ಬಂದವರ ಹೆಸರು ರಂಗಮಂದಿರದ ಮೇಲಿರೋದು ನನಗೆ ತುಂಬಾ ಖುಷಿ ಕೊಟ್ಟ ಸುದ್ದಿ.

ನನ್ನ ಮಾತನ್ನು ನೀವು ಒಪ್ಪಲೇಬೇಕು ಅಂತಿಲ್ಲ. ಆದರೆ ಒಂದು ಕೆಲಸ ಮಾಡಿ. ಮೊದಲು ‘ಕೋಶಿಶ್’ ನೋಡಿ, ಮನೆಯಲ್ಲಿ ಹಿಂದಿ ಬಾರದ ಹಿರಿಯರಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅದು ಭಾರವಾಯಿತು ಅನ್ನಿಸಿದರೆ ಮರುದಿನ ‘ಅಂಗೂರ್’ ಹಾಕಿಕೊಂಡು ಮನಸ್ಸು ಬಿಚ್ಚಿ ನಗಿ. ಆಮೇಲೆ ‘ಶೋಲೆ’ಯನ್ನು ಇನ್ನೊಂದು ಸಲ ನೋಡಿ. ಈ ಸಲ ಜೈ, ವೀರು ಕಡೆ ನೋಡಬೇಡಿ. ಹೋಳಿಯ ದೃಶ್ಯ ಬರುವವರೆಗೂ ಠಾಕೂರನ ಆ ಶಾಲಿನ ಮೇಲೆ ಕಣ್ಣಿಟ್ಟಿರಿ. ನೋಡಿದ ಮೇಲೆ ಮತ್ತೆ ಬರೆಯಿರಿ, ಕಾಯುತ್ತಿರುತ್ತೇನೆ.

ಸಂಪಾದಕ